ಕಂದು ಗುಂಡಿಯ ಕೋಟು

ನವೆಂಬರ್ 4, ಸೋಮವಾರ. ಸಂಜೆ

ಇವತ್ತೂ ಅದೇ. ಚಪ್ಪಲಿ ಬಿಡುವ ಮೊದಲೇ ಅಮ್ಮನ ಪ್ರಶ್ನೆ.

"ದೊಡ್ಡೋಳು ಎಲ್ಲಿ?"

"ಕೆಲಸಕ್ಕೆ ಹೋಗಿದಾಳಮ್ಮ."

"ಕೋಟು ಇಲ್ಲೇ ನೇತಾಡ್ತಿದೆ. ಈ ಚಳೀಲಿ ಕೋಟಿಲ್ದೆ ಹೋದ್ಲಾ? ಯಾರ ಕಿವಿ ಮೇಲೆ ಹೂ ಇಡ್ತಿದೀಯ?"

ನೆನಪು ಹೋದರೂ ಅಡ್ಡಪ್ರಶ್ನೆ ಹಾಕುವ ವಕೀಲಿಕೆ ಹೋಗಿಲ್ಲ. ಅಕ್ಕ ತೀರಿಕೊಂಡು ಎಂಟು ತಿಂಗಳು. ಮೊದಮೊದಲು ನಿಜ ಹೇಳುತ್ತಿದ್ದೆ. ಪ್ರತಿ ಸಲವೂ ಅಮ್ಮನಿಗೆ ಅದು ಹೊಸ ಸುದ್ದಿ, ಪ್ರತಿ ಸಲವೂ ಗೋಡೆ ಹಿಡಿದು ಕುಸಿಯುತ್ತಿದ್ದಳು. ಸುಳ್ಳೇ ಹೇಳಿ ಪರವಾಗಿಲ್ಲ ಎಂದರು ಡಾಕ್ಟರು. ಈಗ ಸುಳ್ಳು ಸಲೀಸು. ಕೋಟೊಂದು ಮಾತ್ರ ಗೂಟದ ಮೇಲಿಂದ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆ.

ಹಸಿರು ಉಣ್ಣೆ ಕೋಟು. ಮೂರನೇ ಗುಂಡಿ ಕಂದು. ನಾನೇ ಹೊಲಿದದ್ದು, ಕಪ್ಪು ಸಿಗಲಿಲ್ಲ. "ಕನ್ನಡಕದ ಅಂಗಡೀಲಿ ಕೂತೂ ಕೂತೂ ಕಣ್ಣು ಹೋಯ್ತೇನೇ ಮೆಣಸು?" ಎಂದಿದ್ದಳು ಅಕ್ಕ. ಮೆಣಸು ಎಂದರೆ ನಾನು, ನನ್ನ ಸಿಡುಕಿಗೆ ಅವಳಿಟ್ಟ ಹೆಸರು. ಈಗ ಹಾಗೆ ಕರೆಯುವವರಿಲ್ಲ.

ನವೆಂಬರ್ 9, ಶನಿವಾರ

ಕೊಟ್ಟುಬಿಟ್ಟೆ. ಅಮ್ಮ ಮಧ್ಯಾಹ್ನ ಮಲಗಿದ್ದಾಗ ಎಲ್ಲ ಒಂದೇ ಚೀಲಕ್ಕೆ ತುರುಕಿದೆ — ಕೋಟು, ಬೂದು ಸ್ಕಾರ್ಫ್, ಕೈಚೀಲ, ಬೂಟು. ಬಸ್‌ಸ್ಟಾಪಿನ ಹತ್ತಿರದ ಹಳೇ ಬಟ್ಟೆ ಅಂಗಡಿ. ಲಾಭಕ್ಕಲ್ಲ, ಬಂದದ್ದೆಲ್ಲ ಅಕ್ಕ ಕೊನೆಗೆ ಮಲಗಿದ್ದ ಆರೈಕೆ ಕೇಂದ್ರಕ್ಕೇ ಹೋಗುತ್ತದೆ. ಅದಕ್ಕೇ ಅಲ್ಲಿಗೆ.

ಒಳಗೆ ಹಬೆಯ ವಾಸನೆ. ಕೌಂಟರಿನ ಹಿಂದೆ ಇಸ್ತ್ರಿ ಮಾಡುವ ಮೇಡಂ, ಸಂಬಳವಿಲ್ಲದೆ ದುಡಿಯುವ ರಿಟೈರ್ಡ್ ಹೆಂಗಸು. ಜೇಬುಗಳನ್ನೆಲ್ಲ ಹೊರಗೆಳೆದು ನೋಡಿದರು.

"ಒಂದ್ಸಲ ಕೊಟ್ರೆ ವಾಪಸ್ಸಿಲ್ಲ. ಬೇಕು ಅಂದ್ರೆ ಎಲ್ರ ಹಾಗೆ ಕ್ಯೂನಲ್ಲಿ ನಿಂತು ತಗೋಬೇಕು. ಆಮೇಲೆ ಅಳ್ತಾ ಬರೋರೇ ಜಾಸ್ತಿ."

"ನಾನು ಬರಲ್ಲ" ಎಂದೆ.

ಸಂಜೆ ಅಮ್ಮ ಖಾಲಿ ಗೂಟ ನೋಡಿದಳು. "ಓ, ಹೋಗಿದಾಳೆ" ಎಂದಳು. ನೆಮ್ಮದಿಯಾಗಿ ಊಟ ಮಾಡಿದಳು. ನಾನು ಮಾತ್ರ ತಟ್ಟೆ ಸರಿಸಿ ಎದ್ದೆ.

ನವೆಂಬರ್ 18, ಸೋಮವಾರ

ಬಸ್ಸಿನ ಕಿಟಕಿಯಿಂದ ಅಕ್ಕನನ್ನು ನೋಡಿದೆ.

ಇದನ್ನು ಬರೆದು ಮತ್ತೆ ಓದಿದೆ. ಹೌದು, ನೋಡಿದೆ. ಅಂಗಡಿಯ ಷೋಕೇಸಿನಲ್ಲಿ. ಹಸಿರು ಕೋಟು, ಸ್ಕಾರ್ಫ್ ಅವಳು ಸುತ್ತುವ ಹಾಗೇ, ಕೈಚೀಲ, ಬೂಟು. ಬೊಂಬೆಗೆ ಎಡಗೈ ಇಲ್ಲ. ಕೋಟಿನ ಖಾಲಿ ತೋಳನ್ನು ಜೇಬಿಗೆ ಸಿಕ್ಕಿಸಿದ್ದಾರೆ. ಅಕ್ಕ ಯಾವಾಗಲೂ ಎಡಗೈ ಜೇಬಿನಲ್ಲಿಟ್ಟೇ ನಿಲ್ಲುತ್ತಿದ್ದಳು.

ಇಳಿದು ಒಳಗೆ ಹೋದೆ. ಮೇಡಂಗೆ ಖುಷಿಯೋ ಖುಷಿ. "ಸೋಮವಾರ ಬೊಂಬೆಗೆ ಹಾಕ್ತೀವಿ, ಶನಿವಾರ ಇಳಿಸಿ ಮಾರ್ತೀವಿ. ನಾನು ಯಾವಾಗ್ಲೂ ಒಂದೇ ಮನೆ ಚೀಲದಿಂದ ತೆಗೆಯೋದು. ಚೆನ್ನಾಗಿ ಹೊಂದುತ್ತೆ, ಅಲ್ವಾ?"

ಹೊಂದಿತ್ತು. ಮುಖವೊಂದು ಬಿಟ್ಟು ಎಲ್ಲ.

ನವೆಂಬರ್ 20, ಬುಧವಾರ

ನಾನು ಕೆಲಸದಲ್ಲಿದ್ದಾಗ ಹಗಲು ಅಮ್ಮನ ಮೇಲೆ ಕಣ್ಣಿಡುವವಳು ಕೆಳಮನೆ ನರ್ಸು. ಇವತ್ತು ಕ್ಲಿನಿಕ್ಕಿಗೆಂದು ಅಮ್ಮನನ್ನು ಅದೇ ಬಸ್ಸಿನಲ್ಲಿ ಕರೆದೊಯ್ದಳಂತೆ. ವಾಪಸ್ಸು ಬಂದು ಮಲಗಿಸಿದ್ದಾಳೆ. ಹಾಲು ತರುವಷ್ಟರಲ್ಲಿ ಅಮ್ಮ ಮಾಯ.

ನರ್ಸಿನ ಫೋನು ಬಂದಾಗ ಕೈಯಲ್ಲಿದ್ದ ಲೆನ್ಸ್ ಬಿದ್ದು ಒಡೆಯಿತು. ಎಲ್ಲಿರುತ್ತಾಳೆಂದು ಗೊತ್ತಿತ್ತು. ಓಡಿದೆ.

ಷೋಕೇಸಿನ ಎದುರು ಮೇಡಂ ಕುರ್ಚಿ ಹಾಕಿಕೊಟ್ಟಿದ್ದರು. ಅಮ್ಮನ ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಗಾಜಿಗೆ ಅಂಗೈ ಒತ್ತಿ ಬೊಂಬೆಯ ಜೊತೆ ಮಾತು. ನನ್ನನ್ನು ಕಂಡು ರೇಗಿದಳು.

"ಏನಂದೆ ಅವಳಿಗೆ? ಬೀದೀಲಿ ನಿಂತಿದಾಳೆ. ಕರೆದ್ರೂ ತಿರುಗಿ ನೋಡ್ತಿಲ್ಲ. ಜಗಳ ಆಡಿದ್ರಾ?"

"ಇಲ್ಲಮ್ಮ."

"ಮತ್ತೆ ಮನೆಗ್ಯಾಕೆ ಬರ್ತಿಲ್ಲ?"

ಮೇಡಂ ಕಣ್ಣೊರೆಸಿಕೊಂಡರು. ಈಗಲೇ ಕೊಟ್ಟುಬಿಡಿ ಎಂದು ಕೈ ಮುಗಿದೆ. ಅವರ ಕೈಯಲ್ಲಿಲ್ಲವಂತೆ, ಶನಿವಾರವೇ, ಕ್ಯೂನಲ್ಲೇ. ಬೇರೆ ಯಾರಾದರೂ ಆ ಕೋಟು ಹಾಕಿಕೊಂಡು ನಡೆದರೆ ಅಮ್ಮ ಊರೆಲ್ಲ ಅವರ ಬೆನ್ನು ಹತ್ತುತ್ತಾಳೆ. ಕಾರಿನಡಿ ಸಿಕ್ಕುತ್ತಾಳೆ.

ನವೆಂಬರ್ 23, ಶನಿವಾರ. ಮಧ್ಯಾಹ್ನ

ಸಿಕ್ಕಿತು. ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಮುಂದಿದ್ದ ದಪ್ಪ ಹೆಂಗಸು ಕೋಟಿಗೇ ಕೈ ಹಾಕಿದಳು. ಗುಂಡಿ ನೋಡಿ ಮೂಗು ಮುರಿದಳು — "ಇದೊಂದು ಬೇರೆ ಬಣ್ಣ, ಅಸಹ್ಯ" — ಬಿಟ್ಟಳು. ನನ್ನ ಕೆಟ್ಟ ಹೊಲಿಗೆ ಬದುಕಿಸಿತು.

ಗಾಳಿ ಕೊರೆಯುತ್ತಿತ್ತು. ಕೈ ತುಂಬ ಸಾಮಾನು. ಕೋಟನ್ನು ಮೈಮೇಲೆ ಹಾಕಿಕೊಂಡೇ ಬಂದೆ, ಬೇರೇನೂ ಯೋಚಿಸಲಿಲ್ಲ. ನಿಜವಾಗಿ ಯೋಚಿಸಲಿಲ್ಲ.

ಬಾಗಿಲು ತೆರೆದದ್ದು ಅಮ್ಮ.

"ಬಂದ್ಯಾ ದೊಡ್ಡೋಳೇ..."

ತಬ್ಬಿಕೊಂಡಳು. ಕೋಟಿನ ಕಾಲರಿಗೆ ಮುಖ ಒತ್ತಿ ಅತ್ತಳು. ಈ ತಬ್ಬುಗೆ ನನಗೆ ಎಂದೂ ಸಿಕ್ಕಿರಲಿಲ್ಲ. "ಬಂದೆ ಅಮ್ಮ" ಎಂದೆ.

ನವೆಂಬರ್ 24, ಭಾನುವಾರ

ಒಲೆಯ ಹತ್ತಿರ ಸೆಖೆಯಾಯಿತು, ಕೋಟು ತೆಗೆದೆ. ಅಮ್ಮ ಗಾಬರಿಯಾಗಿ ಗೋಡೆಗೆ ಸರಿದಳು.

"ಯಾರು ನೀವು? ನನ್ನ ಮಗಳೆಲ್ಲಿ?"

ಮತ್ತೆ ಹಾಕಿಕೊಂಡೆ.

ಡಿಸೆಂಬರ್ 6, ಶುಕ್ರವಾರ

ಅಮ್ಮ ಚೆನ್ನಾಗಿದ್ದಾಳೆ. ಹಾಡಿಕೊಳ್ಳುತ್ತಾಳೆ. ನನ್ನ ತಲೆ ಬಾಚುತ್ತಾಳೆ. ನರ್ಸು ಮೆಟ್ಟಿಲ ಮೇಲೆ ಸಿಕ್ಕವಳು, "ನೀವು ನಿಲ್ಲೋ ರೀತೀನೇ ಬದಲಾಗಿದೆ" ಎಂದಳು. ನೋಡಿಕೊಂಡೆ. ಎಡಗೈ ಜೇಬಿನಲ್ಲಿತ್ತು.

ಇವತ್ತು ಊಟದ ಮಧ್ಯೆ ಅಮ್ಮ ಕೈ ತಡೆದು ಕೇಳಿದಳು. "ಚಿಕ್ಕೋಳು ಎಲ್ಲಿ?"

"ಕೆಲಸಕ್ಕೆ ಹೋಗಿದಾಳೆ."

ಗೂಟದ ಕಡೆ ನೋಡಿದಳು. ಅಲ್ಲಿ ನನ್ನ ನೀಲಿ ಸ್ವೆಟರ್.

"ಸ್ವೆಟರ್ ಇಲ್ಲೇ ಇದೆಯಲ್ಲೇ. ಈ ಚಳೀಲಿ ಹೇಗೆ ಹೋದ್ಲು?"

ಭಯವಾಯಿತು. ಒಂಬತ್ತು ತಿಂಗಳಲ್ಲಿ ಇಷ್ಟು ಭಯವಾಗಿರಲಿಲ್ಲ.

ಡಿಸೆಂಬರ್ 7, ಶನಿವಾರ

ಸ್ವೆಟರ್ ಕೊಟ್ಟೆ. ಹಳೇ ಶಾಲು, ಟೋಪಿ, ಕ್ಯಾನ್ವಾಸ್ ಷೂ ಸಹ. ಬೊಂಬೆಗೆ ಮಾತ್ರ ಹಾಕಬೇಡಿ ಎಂದೆ.

"ಇದನ್ನ ಯಾರು ಹಾಕ್ತಾರೆ ಬಿಡಿ, ಮೊಣಕೈ ತೂತು" ಎಂದು ಮೇಡಂ ನಕ್ಕರು. ಆಮೇಲೆ ನನ್ನ ಕೋಟನ್ನು ನೋಡಿ ನಗು ನಿಲ್ಲಿಸಿದರು. "ನೀವು ಹುಷಾರಾಗಿದೀರಾ?"

ಹುಷಾರಾಗಿದ್ದೇನೆ. ಅಮ್ಮ ಖಾಲಿ ಗೂಟ ನೋಡಿ, ಓ, ಹೋಗಿದಾಳೆ ಎಂದಳು.

ಡಿಸೆಂಬರ್ 16, ಸೋಮವಾರ

ಅಮ್ಮನಿಗೆ ಕ್ಲಿನಿಕ್ಕು. ನಾನೇ ಕರೆದುಕೊಂಡು ಹೋದೆ. ಬಸ್‌ಸ್ಟಾಪಿನಲ್ಲಿ ಇಳಿದಾಗ ಆ ಕಡೆ ನೋಡಬಾರದೆಂದುಕೊಂಡೆ. ಅಮ್ಮನ ಕೈ ಜಾರಿತು.

ಮೇಡಂ ರಜೆಯಂತೆ, ಬೊಂಬೆಗೆ ಬಟ್ಟೆ ಹಾಕಿದ್ದು ಬೇರೆ ಯಾರೋ. ಅದು ಆಮೇಲೆ ತಿಳಿದದ್ದು. ಮೊದಲು ಕಂಡದ್ದು ನೀಲಿ ಸ್ವೆಟರ್. ಶಾಲು. ಟೋಪಿ ಹಣೆಯವರೆಗೆ ಇಳಿದಿತ್ತು, ನಾನು ಎಳೆದುಕೊಳ್ಳುವ ಹಾಗೆ. ಗಾಜಿನಲ್ಲಿ ನನ್ನ ಬಿಂಬ ಹುಡುಕಿದೆ. ಹಸಿರು ಕೋಟು ಕಂಡಿತು, ಕಂದು ಗುಂಡಿ ಕಂಡಿತು. ಮುಖ ಬೆಳಕಿಗೆ ಕಾಣಲಿಲ್ಲ.

ಅಮ್ಮ ಗಾಜು ತಟ್ಟುತ್ತಿದ್ದಳು. "ಚಿಕ್ಕೋಳೇ... ಮನೆಗೆ ಬಾರೇ. ಯಾರೂ ಏನೂ ಅನ್ನಲ್ಲ. ನಾನು ನಿನ್ನನ್ನ ಸರಿಯಾಗಿ ವಿಚಾರಿಸಿಕೊಳ್ಳಲೇ ಇಲ್ಲ ಅಂತ ಕೋಪಾನಾ?"

ಜೀವಮಾನವಿಡೀ ಆ ಮಾತು ಕೇಳಬೇಕೆಂದಿದ್ದೆ. ಹೇಳಿದಳು. ನನಗಲ್ಲ.

ಆಮೇಲೆ ನನ್ನ ತೋಳು ಜಗ್ಗಿದಳು. "ನೀನು ಕರಿಯೇ. ನೀನು ಕರೆದ್ರೆ ಬರ್ತಾಳೆ. ಅದೇನೋ ಹೆಸರಿಟ್ಟಿದ್ಯಲ್ಲ ಅವಳಿಗೆ..."

ಗಾಜಿನ ಹತ್ತಿರ ಬಾಗಿದೆ. ಉಸಿರಿಗೆ ಗಾಜು ಮಂಜಾಯಿತು. ಅಕ್ಕನ ದನಿಯೇ ಬಂತು, ನಾನು ತಂದದ್ದಲ್ಲ. ಮೆಣಸು, ಎಂದೆ. ಮೆಣಸು, ಬಾರೇ ಮನೆಗೆ.

ಟೋಪಿಯ ಕೆಳಗಿಂದ ನನ್ನದೇ ಮುಖ ನನ್ನ ಕಡೆ ತಿರುಗಿತು.