ವೆಂಡೆಲ್‌ನ ಪಕ್ಕದ ಖಾಲಿ ಜಾಗ

ಕಿಯೋಕಕ್, ಅಯೋವಾ
ಜುಲೈ 1936

ಪ್ರಿಯ ತಂಗಿ ಆರ್ಡಿತ್‌ಗೆ ಕರ್ತನ ಕೃಪೆಯಿಂದ ಶಾಂತಿಯುಂಟಾಗಲಿ.

ನಿನ್ನ ಮಗ ವೆಂಡೆಲ್ ಕ್ಷೇಮವಾಗಿದ್ದಾನೆ. ಇದನ್ನು ಮೊದಲು ತಿಳಿ. ಈ ತಿಂಗಳು ಮಿಡತೆಗಳ ಮುತ್ತಿಗೆಯಿಂದ ಒಂದು ಬೇಸ್‌ಬಾಲ್ ಪಂದ್ಯವೇ ನಿಂತಿತ್ತು. ನಿನ್ನೆಯದು ಅದಕ್ಕಿಂತ ವಿಚಿತ್ರ. ಆಟದ ಒಂಬತ್ತು ಸರದಿಗಳಲ್ಲಿ ಏಳು ಕಳೆದರೂ ವೆಂಡೆಲ್‌ನ ಚೆಂಡಿಗೆ ಎದುರಾಳಿಗಳಿಂದ ಒಂದು ಹೊಡೆತವೂ ಬಿದ್ದಿರಲಿಲ್ಲ. ಅಂಥ ಹೊತ್ತಿನಲ್ಲಿ ಚೆಂಡೆಸೆಯುವವನನ್ನು ಮಾತನಾಡಿಸಿದರೆ ಅದೃಷ್ಟ ಕೆಡುತ್ತದೆ, ಯಾರೂ ಮಾತನಾಡಿಸಬಾರದೆಂಬ ಕಟ್ಟಳೆಯನ್ನು ನೀನೂ ಬಲ್ಲೆ. ಆಟಗಾರರೆಲ್ಲ ಬೆಂಚಿನ ಆಚೆ ತುದಿಗೆ ಸರಿದಿದ್ದರು. ಸುಡುವ ಸೆಕೆಯಲ್ಲೂ ವೆಂಡೆಲ್‌ನ ಮೈ ಬೆವರುತ್ತಿರಲಿಲ್ಲ. ಪಕ್ಕದ ಖಾಲಿ ಜಾಗಕ್ಕೆ ಮುಖಮಾಡಿ, "ಆಯ್ತು ಸರ್, ಆಟ ಮುಗೀಲಿ, ನಿಮ್ಮ ಜೊತೆ ಬಂದ್ಬಿಡ್ತೀನಿ" ಎನ್ನುತ್ತಿದ್ದನು.

ಹಿಂದೆ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ನಾನು ಬೇಲಿ ದಾಟಿ, ಕರ್ತನನ್ನು ನೆನೆದು, ಆ ಜಾಗದಲ್ಲಿಯೇ ಕುಳಿತು, "ವೆಂಡೆಲ್!" ಎಂದು ಕೂಗಿದೆನು.

"ಅಯ್ಯೋ ಪಾದ್ರಿಗಳೇ, ಎಲ್ಲಾ ಹಾಳ್ಮಾಡಿದ್ರಲ್ರೀ! ಬಾಯಿಗೆ ಬೈಬಲ್ ಅಡ್ಡ ಇಟ್ಕೊಂಡಿರಬಾರದಿತ್ತಾ?" ಎಂದು ತರಬೇತುದಾರ ಕ್ಲೆಟಸ್ ಚೀರಿದನು. ಅಷ್ಟರಲ್ಲಿ ವೆಂಡೆಲ್ ನನ್ನ ಮೇಲೆ ಕುಸಿದನು. ಅವನನ್ನು ಮಂಜುಗಡ್ಡೆಗಳ ನಡುವೆ ಮಲಗಿಸಿದೆವು. ಇದು ಬಿಸಿಲಿನ ಹೊಡೆತ, ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರು.

ಸಂಜೆ ಕಣ್ತೆರೆದವನ ಮೊದಲ ಮಾತು: "ಮಾವ, ಅವರ ತೊಡೆ ಮೇಲೇ ಕೂತ್ಬಿಟ್ರಲ್ಲ. ಪಾಪ, ಅವರಿಗೆ ಎದ್ದೇಳೋಕೂ ಬಿಡ್ಲಿಲ್ಲ ನೀವು."

ನಾನೂ ಆರೋಗ್ಯದಿಂದಿದ್ದೇನೆ. ಆದರೆ ಆ ಬೆಂಚಿನಿಂದ ಎದ್ದಾಗಿನಿಂದ, ಈ ಬೇಗೆಯಲ್ಲೂ, ಬೆನ್ನಿನ ಚಳಿ ಬಿಟ್ಟಿಲ್ಲ. ನಿನ್ನ ಮನೆಯಲ್ಲಿ ಬಿಟ್ಟಿರುವ ನನ್ನ ಉಣ್ಣೆಯ ಅಂಗಿಯನ್ನು ಬೇಗ ಕಳುಹಿಸು.

ನಿನ್ನ ಅಣ್ಣ,
ಥೇಯರ್