ನಿಮ್ಮಪ್ಪನ ಪಿಸುಮಾತು

ರಬಕವಿ
೧೫-೧೨-೨೦೦೦, ಶುಕ್ರವಾರ

ನನ್ನ ಮುದ್ದಿನ ಮಗಳು ದಿಲಶಾದಳಿಗೆ ಅವ್ವನ ಸಲಾಮು, ಹೊಟ್ಟೆ ತುಂಬ ದುವಾ.

ಹೇಗಿದ್ದೀ? ವಾಂತಿ ಕಡಿಮೆಯಾಯಿತೇ? ಎದ್ದ ಕೂಡಲೇ ಚಹಾ ಕುಡಿಯಬೇಡ, ಮೊದಲು ಒಂದು ಚೂರು ಕಟಕು ರೊಟ್ಟಿ ತಿನ್ನು. ರಂಜಾನಿನ ರೋಜಾ ಹಿಡಿದು ಉಪವಾಸವಿರುವ ಮಾತಂತೂ ಎತ್ತಲೇಬೇಡ. ಬಸುರಿಗೆ ಅಲ್ಲಾಹನೇ ಬಿಟ್ಟುಕೊಟ್ಟಿರುವಾಗ ನೀನೇನು ಅವನಿಗಿಂತ ಶಾಣ್ಯಾಳೇ? ಹಿಂದಿನ ಎರಡು ಸಲವೂ ಕೂಸು ಉಳಿಯಲಿಲ್ಲ. ದೃಷ್ಟಿಯಾಗುತ್ತದೆ, ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡಿರೆಂದು ನನ್ನಿಂದಲೂ ನಿಮ್ಮಪ್ಪನಿಂದಲೂ ಆಣೆ ಹಾಕಿಸಿಕೊಂಡಿದ್ದೀ. ನಾನಂತೂ ಯಾರೆದುರೂ ಬಾಯಿ ಬಿಟ್ಟಿಲ್ಲ, ಇದೊಂದನ್ನು ನೆನಪಿನಲ್ಲಿಡು.

ಬೀಳಗಿಯಲ್ಲಿ ನಿಮ್ಮ ಓಣಿಯ ಹೆಂಗಸರು ರಾತ್ರಿ ಒಂದೇ ಮನೆಯಲ್ಲಿ ಕೂಡಿ ತರಾವೀಹ್ ನಮಾಜು ಮಾಡುತ್ತಾರೆ, ಹೋಗದಿದ್ದರೆ ಯಾಕೆಂದು ಕೇಳುತ್ತಾರೆ, ಹೋದರೆ ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ ಎಂದು ಬರೆದಿದ್ದೀ. ತಲೆ ತಿರುಗುತ್ತದೆ ಎಂದು ಹೇಳು, ಸುಳ್ಳೂ ಅಲ್ಲ. ನಿನ್ನ ಕೋಣೆಯಲ್ಲಿ ಕುಳಿತೇ ನಮಾಜು ಮಾಡು. ಹೀಗೆ ಬರೆಯುವ ನಾನು ಮಾತ್ರ ಎದುರು ಮನೆಯ ಮೌಲಾಬಿಯ ಪಡಸಾಲೆಗೆ ಒಂದು ರಾತ್ರಿಯೂ ತಪ್ಪಿಸಿಲ್ಲ. ಅಲ್ಲಿ ಮುಗಿದ ಮೇಲೆ ಮಾತೇ ಹೆಚ್ಚು, ಖರೆ. ಆದರೆ ಭುಜಕ್ಕೆ ಭುಜ ಹಚ್ಚಿ ನಿಂತರೇನೇ ನನಗೆ ನಮಾಜು ಮಾಡಿದಂತೆ ಅನ್ನಿಸುವುದು.

ನಿಮ್ಮಪ್ಪನದು ಬೇರೆಯೇ ರಾಗ. ಮಸೀದಿಯಲ್ಲಿ ಜಮಾತಿನೊಂದಿಗೆ ನಮಾಜು ಮುಗಿಸಿದವರೇ, ಯಾರೊಂದಿಗೂ ಕೂರದೆ ಮನೆಗೆ ಬಂದು, ಮಗ್ಗದ ಶೆಡ್ಡು ಹೊಕ್ಕು, ಎರಡು ಮಗ್ಗಗಳ ನಡುವೆ ಚಾಪೆ ಹಾಸುತ್ತಾರೆ. ಜಮಾತಿನ ಹಿರಿಯರು ಬೇಸರ ಮಾಡಿಕೊಂಡಿದ್ದಾರೆ. ಮಸೀದಿಯಲ್ಲಿ ಮಾಡಿದ್ದು ಸಾಲದೇ ಎಂದು ನಾನೂ ಜಗಳ ತೆಗೆದೆ. ಅದಕ್ಕವರು, “ಮಂದಿ ಜೋಡಿ ನಿಂತಾಗ ಎಲ್ಲಾರ ಸಲುವಾಗಿ ಕೇಳತೇನಿ. ನನ್ನ ಮನಿದು ಕೇಳಾಕ ಒಂದು ಮೂಲಿ ಬೇಕಲ್ಲ?” ಎಂದರು.

ಅವರ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಜೀವಮಾನವಿಡೀ ಪಾವರ್‌ಲೂಮಿನ ಗದ್ದಲದಲ್ಲಿ ದುಡಿದವರು, ಕೂಗಿ ಹೇಳದೆ ಏನೂ ಕೇಳಿಸದು. ತಾವು ಪಿಸುಗುಟ್ಟುತ್ತಿದ್ದೇವೆಂದು ತಿಳಿದು ಪಕ್ಕದೂರು ಬನಹಟ್ಟಿಗೆ ಕೇಳುವಂತೆ ಮಾತಾಡುತ್ತಾರೆ. ಪುಣ್ಯಕ್ಕೆ ಪಕ್ಕದ ಕಾಶಪ್ಪನ ಮಗ್ಗಗಳು ರಾತ್ರಿಯೂ ನಡೆಯುವುದರಿಂದ ಅವರ ದುವಾ ಆ ಸದ್ದಿನಲ್ಲೇ ಮುಚ್ಚಿಹೋಗುತ್ತಿತ್ತು.

ಅಳಿಯಂದಿರಿಗೂ ನಿಮ್ಮ ಅತ್ತೆಗೂ ನನ್ನ ಸಲಾಮು. ಭಾರ ಎತ್ತಬೇಡ. ಅಲ್ಲಾಹ ನಿನ್ನ ಮಡಿಲು ತಂಪಾಗಿಡಲಿ.

ನಿನ್ನ ಅವ್ವ,
ಹುಸೇನಬಿ

ತಾ.ಕ.: ಪತ್ರ ಅಂಟಿಸಲು ಕೈ ಬರುತ್ತಿಲ್ಲ, ಹೇಳಿಯೇ ಬಿಡುತ್ತೇನೆ. ಸೋಮವಾರ ರಾತ್ರಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಣ್ಣು ಮುಚ್ಚಿ ಕುಳಿತ ನಿಮ್ಮಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಮೌಲಾಬಿಯ ಮನೆಯಲ್ಲಿದ್ದ ನಮಗೆಲ್ಲ ಅವರ ದನಿ ಸ್ಪಷ್ಟವಾಗಿ ಕೇಳಿಸಿತು: “ಯಾ ಅಲ್ಲಾ, ನನ್ನ ದಿಲಶಾದ ಬಸುರದಾಳ. ಹಿಂದಿನ ಎರಡೂ ನೀ ತಗೊಂಡಿ, ನಾ ಏನೂ ಅನಲಿಲ್ಲ. ಇದೊಂದನ್ನ ನಮಗ ಬಿಡು. ಯಾರಿಗೂ ಹೇಳಿಲ್ಲ, ನಿನಗಷ್ಟ ಹೇಳಾಕತ್ತೇನಿ.”

ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಒಬ್ಬರೂ ನಗಲಿಲ್ಲ ಮಗಳೇ. ಮೌಲಾಬಿ ಮೆಲ್ಲಗೆ ಆಮೀನ್ ಎಂದಳು, ಉಳಿದವರೂ ಎಂದರು. ಮರುದಿನವೇ ಕಾಶಪ್ಪನ ಹೆಂಡತಿ ಸೋಮವ್ವ ಮನೆಗೊಂದು ಚೂರು ಬಟ್ಟೆ ಬೇಡಿ ತಂದು ಕೂಸಿಗೆ ಕೌದಿ ಹೊಲಿಯಲು ಕುಳಿತಿದ್ದಾಳೆ. ಕಾಶಪ್ಪ ಅಂದಿನಿಂದ ಆ ಹೊತ್ತಿಗೆ ತಾನಾಗಿಯೇ ಮಗ್ಗ ನಿಲ್ಲಿಸುತ್ತಾನೆ. “ಕಾಕಾ ಬೇಡಿಕೊಳ್ಳೂವಾಗ ನಮ್ಮ ಗದ್ದಲ ಯಾಕ್ರೀ?” ಎನ್ನುತ್ತಾನೆ, ಅಲ್ಲಾಹನಿಗೂ ನಿಮ್ಮಪ್ಪನ ಹಾಗೆ ಕಿವಿ ಮಂದವಾಗಿದೆಯೋ ಎನ್ನುವಂತೆ. ಓಣಿಯವರು ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಕೇಳಿ, ಕೈಮುಗಿಯುವವರು ಕೈಮುಗಿದು, ಆಮೀನ್ ಎನ್ನುವವರು ಆಮೀನ್ ಎಂದು ಏಳುತ್ತಾರೆ.

ನಿಮ್ಮಪ್ಪನಿಗೆ ಯಾರೂ ಹೇಳಿಲ್ಲ. ನೀನೂ ಹೇಳಬೇಡ, ಗೊತ್ತಾದರೆ ನಾಚಿ ಬಾಯಿ ಮುಚ್ಚಿಬಿಟ್ಟಾರು. ನಿನ್ನೆ ಶೆಡ್ಡಿನಿಂದ ಹೊರಗೆ ಬಂದವರು ನನ್ನ ಕಿವಿಯ ಹತ್ತಿರ ಬಗ್ಗಿ, “ಯಾರ ಮುಂದೂ ಅನಬ್ಯಾಡ, ಈ ಸಲ ನನ್ನ ಮಾತು ಅವಗ ಮುಟ್ಟೇತಿ ಅನಸ್ತೈತಿ” ಎಂದು ಗುಟ್ಟಾಗಿ ಹೇಳಿದರು. ಅದೂ ಇಡೀ ಓಣಿಗೆ ಕೇಳಿಸಿತು.