ಮುಚ್ಚಳಕ್ಕೆ ಹಚ್ಚಿದ ರಬ್ಬರ್ ಹಾಲು

ಜೋಜಿ ಚೇಟ್ಟಾ,

ಇಂಜಿನ್ ಪುನಃ ಬಿಚ್ಚಬೇಡ. ಸ್ಪ್ಯಾನರ್ ಕೆಳಗಿಟ್ಟು ಮೊದಲು ಇದನ್ನು ಓದು. ‘ನಾನು’ ಎಂದು ಬರೆಯಲು ನಾಚಿಕೆ, ಅದಕ್ಕೆ ಅಮ್ಮಚ್ಚಿ ನಮಗೆ ಹೇಳುತ್ತಿದ್ದ ಅಜ್ಜಿಕಥೆಯ ಹಾಗೆ ಹೇಳುತ್ತೇನೆ.

ಒಬ್ಬ ಅಣ್ಣನಿಗೆ ಒಬ್ಬಳು ಪೆದ್ದು ತಂಗಿ. ಅಣ್ಣನ ಹಳೆಯ ಅಂಬಾಸಿಡರಿನ ಇಂಜಿನನ್ನು ದರ್ಬೆಯ ಗೆಳೆಯ ಸಫ್ವಾನ್ ಬಿಚ್ಚಿ ಹೊಸದು ಮಾಡುತ್ತಿದ್ದಾಗ, ಇವಳು ಅಂಗಳದಲ್ಲಿ ನಿಂತ ಕಾರನ್ನು ತೊಳೆದಳು. ಪೆಟ್ರೋಲ್ ಮುಚ್ಚಳದಲ್ಲಿ ಸಾಸಿವೆಯಷ್ಟು ತೂತು ಕಂಡಿತು. ಮಳೆನೀರು ಇಳಿದೀತೆಂದು ಹೆದರಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಿಂದ ಹಾಲು ತಂದು ಮೇಲಿನಿಂದ ಮೆತ್ತಿದಳು. ಜಾಣೆಯೆಂದು ಹಿಗ್ಗಿದಳು ಕೂಡ.

ನಿನ್ನೆ ಕಲ್ಲುಗುಂಡಿಯಲ್ಲಿ ಕಾರು ಮೂರನೇ ಸಲ ನಿಂತಾಗ ಅಣ್ಣ ಮುಚ್ಚಳ ತೆಗೆದ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುತ್ತಿಲ್ಲವೆಂದು ಅವಳಿಗೆ ಆಗಲೇ ಹೊಳೆಯಿತು. ಅಷ್ಟರಲ್ಲಿ ಅಣ್ಣ ಜೊತೆಗೆ ಬಂದಿದ್ದ ಸಫ್ವಾನನ ಮೇಲೆ ಹರಿಹಾಯ್ದ: “ಇಂಜಿನ್ ಕಟ್ಲಿಕ್ಕೆ ಬರುದಿಲ್ಲ ಅಂದ್ರೆ ಮೊದ್ಲೇ ಹೇಳ್ಬೇಕಿತ್ತು ಮಾರಾಯ. ಇನ್ನು ನನ್ನ ಕಾರು ಮುಟ್ಬೇಡ!”

“ಆಯ್ತು ಧಣಿಗಳೇ” ಎಂದು ಸಫ್ವಾನ್ ಸಿಕ್ಕಿದ ಬಸ್ಸು ಹತ್ತಿದ. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆಗಿದ್ದವರು. ತಂಗಿ ಹಿಂದಿನ ಸೀಟಿನಲ್ಲಿ ತುಟಿ ಬಿಚ್ಚದೆ ಕೂತಳು.

ಮುಚ್ಚಳದ ತೂತನ್ನು ಪಿನ್ನಿನಿಂದ ಬಿಡಿಸು, ಕಾರು ನಿಲ್ಲುವುದಿಲ್ಲ. ಗಂಜಿ ಒಲೆಯ ಮೇಲುಂಟು, ಖಾಲಿ ಹೊಟ್ಟೆಯಲ್ಲಿ ಹೊರಡಬೇಡ.

ಸಫ್ವಾನನಿಗೆ ಎಲ್ಲವನ್ನೂ ಹೇಳಲು ನಾನು ಮೊದಲ ಬಸ್ಸಿಗೆ ದರ್ಬೆಗೆ ಹೋಗುತ್ತಿದ್ದೇನೆ. ನೀನೂ ಕಾರು ತೆಗೆದುಕೊಂಡು ಬಾ. ಅವನೆದುರೇ ನನಗೆ ಬೈ, ನಿನ್ನೆ ಅವನಿಗೆ ಬೈದಷ್ಟೇ ಜೋರಾಗಿ.

ಟೆಸ್ಸಿ